ಲಾಳಿಗೆ ಇಂಗ್ಲಿಷ್‌ನಾಗ ಏನಂತಾರ್ರೀ?

ಮಕ್ಕಳ ಓಣಿಯಲ್ಲೇ ಪಾಠದ ವಿಷಯ ಹುಡುಕಿ ಇಂಗ್ಲಿಷ್ ಕಲಿಸುವ ಬಗೆ: ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಪಾಲಕರಿಗೂ ಒಂದು ಕೈಪಿಡಿ

ಬನಹಟ್ಟಿಯ ನೇಕಾರ ಓಣಿಯ ಒಬ್ಬ ಹುಡುಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕನೇ ಇಯತ್ತೆ. ಅವ್ವ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುವುದನ್ನು ನೋಡುತ್ತಲೇ ಬೆಳೆದವಳು. ಸೀರೆಯ ದಡಿ ಯಾವುದು, ಸೆರಗು ಯಾವುದು, ಎಳೆ ಹರಿದರೆ ಗಂಟು ಹಾಕುವುದು ಹೇಗೆ ಎಂಬುದೆಲ್ಲ ಅವಳಿಗೆ ಗೊತ್ತು. ಶಾಲೆಯಲ್ಲಿ 'ಎ ಫಾರ್ ಆ್ಯಪಲ್'ನಿಂದ 'ಝಡ್ ಫಾರ್ ಝೀಬ್ರಾ'ವರೆಗೆ ಉಸಿರು ಬಿಡದೆ ಒಪ್ಪಿಸುತ್ತಾಳೆ. ಆದರೆ ನೀವು ಕೆಂಪು ನೂಲಿನ ಒಂದು ಎಳೆ ಹಿಡಿದು 'ವಾಟ್ ಕಲರ್ ಈಸ್ ದಿಸ್?' ಎಂದರೆ ತಲೆ ತಗ್ಗಿಸಿ ಅಂಗಿಯ ಚುಂಗು ಹಿಡಿದು ನಿಲ್ಲುತ್ತಾಳೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಶಿಕ್ಷಕರಿಗೆ ಈ ಮೌನ ಹೊಸದಲ್ಲ. ಮಗು ಓದುತ್ತದೆ, ನಕಲು ಬರೆಯುತ್ತದೆ, ಪದ್ಯವನ್ನೂ ಹೇಳುತ್ತದೆ. ಮಾತು ಮಾತ್ರ ಬರುವುದಿಲ್ಲ. 'ಮನ್ಯಾಗ ಇಂಗ್ಲಿಷ್ ವಾತಾವರಣ ಇಲ್ಲರೀ' ಎಂದು ನಾವು ಸುಮ್ಮನಾಗುತ್ತೇವೆ. ಮನೆಯಲ್ಲಿ ಇಂಗ್ಲಿಷ್ ಇಲ್ಲದಿರುವುದು ನಿಜವೇ. ಆದರೆ ಇಂಗ್ಲಿಷ್ ಕಲಿಯಲು ಬೇಕಾದ ಅರ್ಧ ಸಾಮಾನು ಆ ಮನೆಯಲ್ಲೇ ಬಿದ್ದಿದೆ. ಅದನ್ನು ತರಗತಿಗೆ ತರುವ ಒಂದು ದಾರಿ ವಿಷಯ ಆಧಾರಿತ ಬೋಧನೆ. ಒಂದು ವಾರಕ್ಕೆ ಒಂದೇ ವಿಷಯ ಹಿಡಿದು, ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಲ್ಲವನ್ನೂ ಅದರ ಸುತ್ತಲೇ ಹೆಣೆಯುವ ಕ್ರಮ ಇದು.

ಇದು ಯಾಕೆ ಕೆಲಸ ಮಾಡುತ್ತದೆ?

ಮೊದಲ ಕಾರಣ ಸರಳ. 'ಇಗ್ಲೂ' ಎಂಬ ಪದ ಕಲಿಯುವ ಮಗು ಎರಡು ಹೊಸ ಸಂಗತಿಗಳನ್ನು ಒಟ್ಟಿಗೆ ಹೊರಬೇಕು: ಕಂಡರಿಯದ ಹಿಮದ ಮನೆ ಒಂದು, ಅದರ ಹೆಸರು ಇನ್ನೊಂದು. 'ಲೂಮ್' ಎಂದು ಕಲಿಯುವಾಗ ಮಗ್ಗ ಮೊದಲೇ ತಲೆಯಲ್ಲಿದೆ. ಅದರ ಸಪ್ಪಳ, ವಾಸನೆ, ಅದರ ಮುಂದೆ ಕೂತ ಅಪ್ಪ ಎಲ್ಲವೂ ಇವೆ. ಹೊಸದು ಹೆಸರೊಂದೇ. ಒಮ್ಮೆಗೆ ಒಂದೇ ಹೊರೆ ಎಂಬುದು ಈ ವಿಧಾನದ ಬೇರು. ವಿಷಯ ಹಳೆಯದಿರಲಿ, ಭಾಷೆ ಹೊಸದಿರಲಿ.

ಎರಡನೆಯದು ಮರುಕಳಿಕೆ. ಸೋಮವಾರ ಹಣ್ಣು, ಮಂಗಳವಾರ ವಾಹನ, ಬುಧವಾರ ದೇಹದ ಭಾಗ ಎಂದು ಹಾರಿದರೆ ಸೋಮವಾರದ ಪದ ಬುಧವಾರಕ್ಕೆ ಆರಿಹೋಗಿರುತ್ತದೆ. ವಾರವಿಡೀ ಒಂದೇ ವಿಷಯವಾದರೆ ಅದೇ ಎಂಟು-ಹತ್ತು ಪದಗಳು ಆಟದಲ್ಲಿ, ಪ್ರಶ್ನೆಯಲ್ಲಿ, ಬರಹದಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಮೂರನೆಯದು ಧೈರ್ಯ. ಮಗ್ಗದ ವಿಷಯದಲ್ಲಿ ನೇಕಾರರ ಮಗಳಿಗೆ ಶಿಕ್ಷಕರಿಗಿಂತ ಹೆಚ್ಚು ಗೊತ್ತು. ಗೊತ್ತಿದ್ದವರಿಗೆ ಹೇಳುವ ಹುಮ್ಮಸ್ಸು ತಾನಾಗಿ ಬರುತ್ತದೆ. ಆ ಹುಮ್ಮಸ್ಸೇ ಅವಳ ಬಾಯಿ ತೆರೆಸುತ್ತದೆ.

ಇದು ಇಂದಿನ ಕಲ್ಪನೆಯೇನಲ್ಲ. 1658ರಲ್ಲಿ ಕೊಮೇನಿಯಸ್ ಎಂಬ ಶಿಕ್ಷಣತಜ್ಞ ಲ್ಯಾಟಿನ್ ಕಲಿಸಲು ಚಿತ್ರಪುಸ್ತಕ ಮಾಡಿದಾಗ ರೊಟ್ಟಿ ಸುಡುವುದು, ಬಟ್ಟೆ ನೇಯುವುದು ಮುಂತಾದ ದಿನಬಳಕೆಯ ಸಂಗತಿಗಳನ್ನೇ ಪಾಠವಾಗಿಸಿದ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬಿನ ಸುತ್ತಲೇ ಓದು-ಲೆಕ್ಕ ಕಲಿಸಬೇಕೆಂದಿತು. ನಮ್ಮ ಬೆಂಗಳೂರಿನ ಹೆಸರಿನಲ್ಲೇ ಒಂದು ಪ್ರಯೋಗವಿದೆ. ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ 'ಬ್ಯಾಂಗಲೋರ್ ಪ್ರಾಜೆಕ್ಟ್' ಅದು. ವ್ಯಾಕರಣ ಸೂತ್ರ ಹೇಳಿಕೊಡುವ ಬದಲು ವೇಳಾಪಟ್ಟಿ ನೋಡು, ನಕಾಶೆಯಲ್ಲಿ ದಾರಿ ಹುಡುಕು ಎಂದು ಮಕ್ಕಳಿಗೆ ಕೆಲಸ ಕೊಟ್ಟರು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಇಂಗ್ಲಿಷ್ ಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಇದ್ದ ಮೇಲೆ ಅದನ್ನು ಯಾವುದರ ಮೇಲೆ ಕೂಡಿಸಬೇಕು ಎಂಬುದಷ್ಟೇ ಇಲ್ಲಿನ ಮಾತು.

ಶುರು ಮಾಡುವ ಮೊದಲು: ಇರುವ ಇಂಗ್ಲಿಷ್ ಎಣಿಸಿ

ಮೊದಲ ದಿನ ಪಾಠ ಬೇಡ, ಲೆಕ್ಕ ಮಾಡಿ. 'ನಿಮ್ಮ ಮನ್ಯಾಗ, ಹೊಲದಾಗ ಮಾತಾಡೂವಾಗ ಬರೋ ಇಂಗ್ಲಿಷ್ ಶಬ್ದ ಹೇಳ್ರಿ' ಎಂದು ಕೇಳಿ ಬೋರ್ಡಿನ ಮೇಲೆ ಬರೆಯುತ್ತ ಹೋಗಿ. ಪಾವರ್‌ಲೂಮ್ ಇರುವ ಮನೆಯಿಂದ ಕರೆಂಟ್, ಮೋಟಾರ್, ಬೆಲ್ಟ್, ಬಾಬಿನ್, ಬೀಮ್, ಡಿಸೈನ್, ಬಾರ್ಡರ್ ಬರುತ್ತವೆ. ಕಬ್ಬಿನ ಹೊಲದಿಂದ ಟ್ರ್ಯಾಕ್ಟರ್, ಟ್ರೇಲರ್, ಲೋಡ್, ಟನ್, ಪೈಪ್, ಬೋರ್, ಫ್ಯಾಕ್ಟರಿ. ಅಡುಗೆಮನೆಯಿಂದ ಗ್ಯಾಸ್, ಕುಕ್ಕರ್, ಮಿಕ್ಸರ್, ಪ್ಲೇಟ್. ಅರ್ಧ ಗಂಟೆಯಲ್ಲಿ ಬೋರ್ಡ್ ತುಂಬುತ್ತದೆ. 'ನಮಗ ಇಂಗ್ಲಿಷ್ ಬರೂದಿಲ್ಲ' ಎನ್ನುತ್ತಿದ್ದ ಮಕ್ಕಳಿಗೆ ಆ ತುಂಬಿದ ಬೋರ್ಡೇ ಮೊದಲ ಪಾಠ. ಅವರಿಗೆ ಇಲ್ಲದಿರುವುದು ಈ ಪದಗಳನ್ನು ಕಟ್ಟಿ ನಿಲ್ಲಿಸುವ ವಾಕ್ಯ. ನಿಮ್ಮ ಕೆಲಸ ಅಲ್ಲಿಂದ ಶುರುವಾಗುತ್ತದೆ.

ವಿಷಯ ಆರಿಸುವುದು ಹೇಗೆ?

ಆರಿಸುವಾಗ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ.

1. ತರಗತಿಯ ಬಹುಪಾಲು ಮಕ್ಕಳು ಇದನ್ನು ಕಣ್ಣಾರೆ ಕಂಡಿದ್ದಾರೆಯೇ?
2. ಇದಕ್ಕೆ ಸಂಬಂಧಿಸಿದ ಮೂರು ವಸ್ತುಗಳನ್ನಾದರೂ ತರಗತಿಗೆ ತರಬಹುದೇ?
3. ಇದರಲ್ಲಿ ಮಾಡುವ ಕೆಲಸವೇನಾದರೂ ಇದೆಯೇ? ಬರೀ ನೋಡುವ ವಸ್ತುವಾದರೆ ವಿಷಯ ಎರಡನೇ ದಿನಕ್ಕೆ ಬಾಡುತ್ತದೆ. ಎತ್ತು, ಸುತ್ತು, ಕತ್ತರಿಸು, ಕುದಿಸು ಎಂಬ ಕ್ರಿಯೆಗಳಿದ್ದರೆ ವಾಕ್ಯ ಹುಟ್ಟುತ್ತದೆ.
4. ಮಕ್ಕಳು ಒಬ್ಬರಿಗೊಬ್ಬರು ನಿಜವಾಗಿಯೂ ಕೇಳಬೇಕಾದ ಪ್ರಶ್ನೆ ಇದರಲ್ಲಿದೆಯೇ? 'ಇದೇನು?' ಎಂದು ಎಲ್ಲರಿಗೂ ಗೊತ್ತಿರುವುದನ್ನೇ ಕೇಳುವುದು ಪರೀಕ್ಷೆಯಾಗುತ್ತದೆ. 'ನಿಮ್ಮ ಮನೆಯಲ್ಲಿ ಎಷ್ಟು ಇವೆ?' ಎಂಬುದು ಮಾತುಕತೆಯಾಗುತ್ತದೆ.

ವಿಷಯ ಸಿಕ್ಕಮೇಲೆ ಎಂಟರಿಂದ ಹತ್ತು ಪದ, ಮೂರು ವಾಕ್ಯದ ಅಚ್ಚು ಗೊತ್ತುಮಾಡಿ. ಅದಕ್ಕಿಂತ ಹೆಚ್ಚು ಬೇಡ. ಬೆಲ್ಲದ ಪೆಂಟಿಯ ಅಚ್ಚಿನಂತೆಯೇ ಇದು: ಅಚ್ಚು ಒಂದೇ, ಹೊಯ್ಯುವ ಪಾಕ ಬೇರೆ ಬೇರೆ. 'ದ ಬಾರ್ಡರ್ ಈಸ್ ರೆಡ್' ಎಂಬ ಅಚ್ಚಿಗೆ ಹತ್ತು ಬಣ್ಣ ಹೊಯ್ಯಬಹುದು.

ಒಂದು ವಾರ, ಒಂದು ಮಗ್ಗ

ನಾಲ್ಕನೇ ತರಗತಿ, ದಿನಕ್ಕೆ ಒಂದು ಅವಧಿ ಎಂದು ಇಟ್ಟುಕೊಂಡು ಮಾಡಿದ ಯೋಜನೆ ಇದು. ಪದಗಳು: ಲೂಮ್, ಶಟಲ್, ಥ್ರೆಡ್, ಸಾರಿ, ಬಾರ್ಡರ್, ವೀವರ್, ಜೊತೆಗೆ ಮೂರು ಬಣ್ಣ. ಅಚ್ಚುಗಳು: 'ದಿಸ್ ಈಸ್ ಎ...', 'ದ ಬಾರ್ಡರ್ ಈಸ್...', 'ಎ ವೀವರ್ ವೀವ್ಸ್ ಸಾರೀಸ್'.

ಸೋಮವಾರ: ಕೈಗೆ ಸಿಗಲಿ. ಹಳೆಯ ಲಾಳಿ, ಬಣ್ಣದ ನೂಲಿನ ಎಳೆಗಳು, ಸವೆದ ಸೀರೆಯ ದಡಿ ಒಂದು ಚೀಲದಲ್ಲಿರಲಿ. ಮೊದಲ ಹತ್ತು ನಿಮಿಷ ಮಕ್ಕಳು ಮಾತಾಡುವುದು ಬೇಡ, ನೀವು ಹೇಳಿದ್ದನ್ನು ಮುಟ್ಟಿ ತೋರಿಸಲಿ. 'ಟಚ್ ದ ಶಟಲ್', 'ಗಿವ್ ಮಿ ದ ರೆಡ್ ಥ್ರೆಡ್.' ಕೂಸು ಮಾತಾಡುವ ಮೊದಲು ಎಷ್ಟೋ ತಿಂಗಳು ಕೇಳಿಸಿಕೊಳ್ಳುತ್ತದೆ. ಹೊಸ ಭಾಷೆಯಲ್ಲೂ ಕಿವಿ ಮೊದಲು, ಬಾಯಿ ಆಮೇಲೆ. ಕೊನೆಗೆ ಕಣ್ಣು ಮುಚ್ಚಿ ಚೀಲದಲ್ಲಿ ಕೈ ಹಾಕಿ ಸಿಕ್ಕಿದ್ದರ ಹೆಸರು ಹೇಳುವ ಆಟವಾಡಿಸಿ.

ಮಂಗಳವಾರ: ತರಗತಿಯೇ ಮಗ್ಗ. ಹತ್ತು ಮಕ್ಕಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ 'ಒನ್, ಟೂ, ಒನ್, ಟೂ' ಎಂದು ಎಣಿಸಲು ಹೇಳಿ. ಇವರು ಹಾಸಿನ ಎಳೆಗಳು. 'ಒನ್ಸ್ ಅಪ್!' ಎಂದಾಗ ಒಂದು ಎಂದವರು ಎದ್ದು ನಿಲ್ಲಬೇಕು, 'ಟೂಸ್ ಡೌನ್!' ಎಂದಾಗ ಎರಡು ಎಂದವರು ಕೂರಬೇಕು. ಉದ್ದನೆಯ ದಾರ ಹಿಡಿದ ಒಬ್ಬ ಹುಡುಗ ಲಾಳಿ. 'ಶಟಲ್, ಗೋ ರೈಟ್!' ಎಂದಾಗ ನಿಂತವರ ಮುಂದೆ, ಕೂತವರ ಹಿಂದೆ ದಾರ ಹಾಯಿಸುತ್ತ ಆ ತುದಿಗೆ ಹೋಗುತ್ತಾನೆ. ಈಗ ಒಂದು ಕೂರಲಿ, ಎರಡು ನಿಲ್ಲಲಿ. 'ಶಟಲ್, ಗೋ ಲೆಫ್ಟ್!' ನಾಲ್ಕು ಸಲ ಹೀಗಾದರೆ ಮಕ್ಕಳ ನಡುವೆ ನಿಜವಾಗಿಯೂ ನೇಯ್ಗೆ ಮೂಡಿರುತ್ತದೆ. ಮನೆಯ ಮಗ್ಗದಲ್ಲೂ ಆಗುವುದು ಇಷ್ಟೇ. ಹಾಸಿನ ಅರ್ಧ ಎಳೆ ಏಳುತ್ತವೆ, ಅರ್ಧ ಇಳಿಯುತ್ತವೆ, ನಡುವೆ ಹೊಕ್ಕು ಹಾಯುತ್ತದೆ. ಮಕ್ಕಳಿಗೆ ಇದು ತಟ್ಟನೆ ಹೊಳೆಯುತ್ತದೆ. ಎರಡನೇ ಸುತ್ತಿನಲ್ಲಿ ಆಜ್ಞೆ ಕೊಡುವ ಕೆಲಸವನ್ನು ಒಬ್ಬ ಹುಡುಗಿಗೆ ವಹಿಸಿ ನೀವು ಗೋಡೆಗೆ ಒರಗಿ ನಿಲ್ಲಿ.

ಬುಧವಾರ: ವಾಕ್ಯ ಕಟ್ಟುವುದು. ಕನ್ನಡದ ಮಗುವಿಗೆ ಇಂಗ್ಲಿಷ್ ವಾಕ್ಯ ಎಡವುವುದು ಕ್ರಿಯಾಪದದ ಜಾಗದಲ್ಲಿ. 'ಅಪ್ಪ ಸೀರಿ ನೇಯತಾನ' ಎನ್ನುವಾಗ ಕೆಲಸದ ಪದ ಕೊನೆಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಅದು ನಡುವೆ. ಸೂತ್ರ ಹೇಳಬೇಡಿ, ತೋರಿಸಿ. ಅಪ್ಪ, ಸೀರಿ, ನೇಯತಾನ ಎಂಬ ಮೂರು ಮಿಂಚುಪಟ್ಟಿ ಹಿಡಿದು ಮೂವರು ನಿಲ್ಲಲಿ. ಪಟ್ಟಿಯನ್ನು ಹಿಂದುಮುಂದು ತಿರುಗಿಸಿದರೆ ಫಾದರ್, ಸಾರೀಸ್, ವೀವ್ಸ್. ತಿರುಗಿಸಿದ ಕೂಡಲೇ ಕೊನೆಯಲ್ಲಿದ್ದ 'ವೀವ್ಸ್' ಹುಡುಗ ಓಡಿಬಂದು ನಡುವೆ ನಿಲ್ಲಬೇಕು. ಮತ್ತೆ ಕನ್ನಡದ ಬದಿ ತಿರುಗಿಸಿದರೆ ಕೊನೆಗೆ ಓಡಬೇಕು. ಐದಾರು ಸಲ ಓಡಿದ ಹುಡುಗನಿಗೆ ಯಾವ ಸೂತ್ರವೂ ಬೇಡ. 'ಮಗ್ಗದ ಮ್ಯಾಲ' ಎಂಬುದರಲ್ಲಿ ಹಿಂದೆ ಬರುವ 'ಮ್ಯಾಲ', 'ಆನ್ ದ ಲೂಮ್' ಎನ್ನುವಾಗ ಮುಂದೆ ಬರುವುದನ್ನೂ ಹೀಗೆಯೇ ಆಡಿಸಬಹುದು.

ಗುರುವಾರ: ಕೇಳಿ ತಿಳಿಯುವುದು. ಪ್ರತಿ ಮಗುವೂ ಐವರನ್ನು ಕೇಳಬೇಕು: 'ವಾಟ್ ಕಲರ್ ಸಾರಿ ಡು ಯು ಲೈಕ್?' ಉತ್ತರವನ್ನು ಪಾಟಿಯ ಮೇಲೆ ಗೆರೆ ಎಳೆದು ಎಣಿಸಬೇಕು. ಕೊನೆಗೆ ಎಲ್ಲ ಲೆಕ್ಕ ಬೋರ್ಡಿಗೆ ಬರಲಿ. 'ನೈನ್ ಚಿಲ್ಡ್ರನ್ ಲೈಕ್ ಗ್ರೀನ್.' ಉತ್ತರ ಮೊದಲೇ ಯಾರಿಗೂ ಗೊತ್ತಿರಲಿಲ್ಲ, ಕೇಳಿಯೇ ತಿಳಿಯಬೇಕಾಯಿತು. ಇಲ್ಲಿ ಇಂಗ್ಲಿಷ್ ಪಾಠವೂ ಆಯಿತು, ಗಣಿತವೂ ಆಯಿತು.

ಶುಕ್ರವಾರ: ಕಾಗದಕ್ಕೆ ಇಳಿಸುವುದು. ಪ್ರತಿಯೊಬ್ಬರೂ ತಮ್ಮದೊಂದು ದಡಿಯ ಡಿಸೈನ್ ಬಿಡಿಸಿ, ಕೆಳಗೆ ನಾಲ್ಕು ವಾಕ್ಯ ಬರೆಯಲಿ. 'ದಿಸ್ ಈಸ್ ಮೈ ಸಾರಿ. ದ ಬಾರ್ಡರ್ ಈಸ್ ರೆಡ್...' ನಾಲ್ಕು ದಿನ ಕೇಳಿ ಆಡಿದ್ದೇ ಬರಹವಾಗುವುದರಿಂದ ಪೆನ್ಸಿಲ್ ಕಚ್ಚಿ ಕೂರುವವರು ಕಡಿಮೆ. ಕಾಗದಗಳನ್ನು ಹೊಲಿದು ಪುಸ್ತಕ ಮಾಡಿ.

ಶನಿವಾರದ ಬೆಳಗಿನ ಸಾಲಿಯಲ್ಲಿ ಆ ಪುಸ್ತಕವನ್ನು ಮೂರನೇ ತರಗತಿಯವರಿಗೆ ಓದಿ ಹೇಳಲಿ. ಕೇಳುವವರಿದ್ದಾಗ ಓದಿಗೆ ಅರ್ಥ ಬರುತ್ತದೆ.

ನಿಮ್ಮ ತಾಲೂಕಿಗೆ ನಿಮ್ಮ ವಿಷಯ

ಮಗ್ಗ ಎಲ್ಲ ಊರಿಗೂ ಒಗ್ಗುವುದಿಲ್ಲ. ಒಂದೊಂದು ವಿಷಯವೂ ಒಂದೊಂದು ಬಗೆಯ ವಾಕ್ಯವನ್ನು ತಾನಾಗಿ ಕೇಳುತ್ತದೆ. ಅದನ್ನು ಗುರುತಿಸುವುದರಲ್ಲೇ ಶಿಕ್ಷಕರ ಜಾಣ್ಮೆ ಇರುವುದು.

1. ಕಬ್ಬು-ಬೆಲ್ಲ. ಮುಧೋಳ, ಜಮಖಂಡಿಯ ಹಳ್ಳಿಗಳಿಗೂ ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರಕ್ಕೂ ಹೇಳಿ ಮಾಡಿಸಿದ ವಿಷಯ. ಕಡಿ, ಹೇರು, ಅರೆ, ಕುದಿಸು, ಅಚ್ಚಿಗೆ ಹೊಯ್ಯು ಎಂಬ ಕ್ರಮವಿರುವುದರಿಂದ 'ಫಸ್ಟ್, ನೆಕ್ಸ್ಟ್, ದೆನ್, ಲಾಸ್ಟ್' ಕಲಿಸಲು ಇದಕ್ಕಿಂತ ಒಳ್ಳೆಯದು ಸಿಗದು. ಐದು ಚಿತ್ರ ಬಿಡಿಸಿ ಕಲಸಿ ಕೊಡಿ, ಮಕ್ಕಳು ಜೋಡಿಸಿ ಹೇಳಲಿ. ಒಂದು ಬೆಲ್ಲದ ಚೂರು ನಾಲಿಗೆಯ ಮೇಲಿಟ್ಟು 'ಸ್ವೀಟ್', ಬೆರಳಿಗೆ ಅಂಟಿದಾಗ 'ಸ್ಟಿಕಿ' ಎಂದರೆ ಆ ಪದ ಮರೆತುಹೋಗುವುದು ಕಷ್ಟ. ಹಂಗಾಮಿನಲ್ಲಿ ಟ್ರೇಲರ್ ಹಿಂದೆ ಓಡಿ ಕಬ್ಬು ಜಗ್ಗುವ ಚಟ ಮಕ್ಕಳಿಗಿದೆಯಲ್ಲ, 'ಡೋಂಟ್ ರನ್ ಬಿಹೈಂಡ್ ದ ಟ್ರೇಲರ್' ಎಂಬ ಫಲಕ ಅವರಿಂದಲೇ ಬರೆಸಿ. 'ಡೋಂಟ್' ಬಳಸುವುದು ಬರುತ್ತದೆ, ಬುದ್ಧಿಮಾತೂ ಆಗುತ್ತದೆ.

2. ಮುಧೋಳ ನಾಯಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಇದು. 'ಇಟ್ ಹ್ಯಾಸ್ ಲಾಂಗ್ ಲೆಗ್ಸ್. ಇಟ್ ಹ್ಯಾಸ್ ಎ ಥಿನ್ ಬಾಡಿ. ಇಟ್ ಕ್ಯಾನ್ ರನ್ ಫಾಸ್ಟ್.' 'ಹ್ಯಾಸ್', 'ಕ್ಯಾನ್' ಎಂಬ ಎರಡು ಅಚ್ಚು ಸಿಕ್ಕವು. ಮುಂದೆ ಎಮ್ಮೆ, ಆಡು, ಕೋಳಿಗಳನ್ನೂ ಇದೇ ಅಚ್ಚಿಗೆ ಹಾಕಿ 'ಗೆಸ್ ದ ಆ್ಯನಿಮಲ್' ಆಡಿಸಿ. ಬೀಳಗಿ ಕಡೆಯವರಾದರೆ ಯಡಹಳ್ಳಿ ವನ್ಯಧಾಮದ ಚಿಂಕಾರವನ್ನು ಪಕ್ಕಕ್ಕೆ ನಿಲ್ಲಿಸಿ. ಎರಡೂ ಓಡುವುದರಲ್ಲಿ ಗಟ್ಟಿ. ಒಂದಕ್ಕೆ ಕೊಂಬಿದೆ, ಇನ್ನೊಂದಕ್ಕಿಲ್ಲ.

3. ಹಳೇ ಊರು, ಹೊಸ ಊರು. ಆಲಮಟ್ಟಿ ಹಿನ್ನೀರಿನಿಂದ ಎದ್ದುಬಂದು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ ಬೀಳಗಿ ಸೀಮೆಯ ಮಕ್ಕಳಿಗೆ 'ಈಸ್' ಮತ್ತು 'ವಾಸ್' ವ್ಯತ್ಯಾಸವನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಅಜ್ಜಿಯನ್ನು ಕನ್ನಡದಲ್ಲೇ ಕೇಳಿಕೊಂಡು ಬರಲಿ: ಹಳೇ ಊರಾಗ ಏನೇನಿತ್ತು? ತರಗತಿಯಲ್ಲಿ ಅದು 'ಅವರ್ ಹೌಸ್ ವಾಸ್ ನಿಯರ್ ದ ರಿವರ್. ನೌ ಅವರ್ ಹೌಸ್ ಈಸ್ ಹಿಯರ್' ಎಂದಾಗುತ್ತದೆ. ಭೂತಕಾಲ ಎಂಬ ಪಾರಿಭಾಷಿಕ ಪದ ಹೇಳುವ ಮೊದಲೇ ಅದರ ಅರ್ಥ ಮಗುವಿನ ಮನೆಯಲ್ಲಿದೆ.

4. ಬಸ್ ಸ್ಟ್ಯಾಂಡ್. ಜಮಖಂಡಿ ಪಟ್ಟಣದ ಮಕ್ಕಳಿಗೆ ಇದು ಹತ್ತಿರದ ವಿಷಯ. ಮುಧೋಳ, ಬನಹಟ್ಟಿ, ವಿಜಯಪುರ, ಬಾಗಲಕೋಟೆಗೆ ಹೋಗುವ ಬಸ್ಸುಗಳ ವೇಳಾಪಟ್ಟಿಯೊಂದನ್ನು ಬೋರ್ಡಿನ ಮೇಲೆ ಬರೆಯಿರಿ. ಅರ್ಧ ಮಕ್ಕಳು ಪ್ರಯಾಣಿಕರು, ಅರ್ಧ ಮಕ್ಕಳು ಕಂಟ್ರೋಲರ್‌ಗಳು. 'ವೆನ್ ಈಸ್ ದ ಬಸ್ ಟು ಮುಧೋಳ್?' 'ಆ್ಯಟ್ ಟೆನ್ ಥರ್ಟಿ.' 'ಈಗ ಒಂಬತ್ತೂವರೆ ಆಗೇತಿ, ಎಷ್ಟ ಹೊತ್ತು ಕಾಯಬೇಕು?' ಎಂಬ ಲೆಕ್ಕ ಸೇರಿಸಿದರೆ ಬ್ಯಾಂಗಲೋರ್ ಪ್ರಾಜೆಕ್ಟಿನ ಬಗೆಯದೇ ಪಾಠವಾಯಿತು.

5. ಊಟದ ತಾಟು. ಯಾವ ತಾಲೂಕಿಗೂ ಸಲ್ಲುವ ವಿಷಯ. ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಎಣಗಾಯಿಗೆ ಇಂಗ್ಲಿಷ್ ಹೆಸರು ಹುಡುಕಬೇಡಿ. ರೊಟ್ಟಿ ಇಂಗ್ಲಿಷ್ ವಾಕ್ಯದಲ್ಲೂ ರೊಟ್ಟಿಯೇ. 'ಐ ಲೈಕ್ ರೊಟ್ಟಿ ಆ್ಯಂಡ್ ಝುಣಕ' ತಪ್ಪಿಲ್ಲದ ಇಂಗ್ಲಿಷ್.

ನಲಿ-ಕಲಿ, ಬಹುವರ್ಗ ಇದ್ದರೆ?

ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿದ್ದರೆ ವಿಷಯ ಎಲ್ಲರಿಗೂ ಒಂದೇ ಇರಲಿ, ಕೆಲಸ ಮಾತ್ರ ಬೇರೆ ಕೊಡಿ. ಬೆಲ್ಲದ ವಾರದಲ್ಲಿ ಒಂದನೆಯವರು ಹೇಳಿದ್ದನ್ನು ಮುಟ್ಟಿ ತೋರಿಸಲಿ, ಎರಡನೆಯವರು ಒಂದು ವಾಕ್ಯ ಹೇಳಲಿ, ಮೂರನೆಯವರು ಓದಿ ಬರೆಯಲಿ. ಉರ್ದು ಅಥವಾ ಮರಾಠಿ ಮನೆಮಾತಿನ ಮಕ್ಕಳಿದ್ದರೆ ಅದೇ ವಸ್ತುವಿನ ಹೆಸರನ್ನು ಅವರ ಮಾತಿನಲ್ಲೂ ಹೇಳಿಸಿ ಬೋರ್ಡಿಗೆ ಹಾಕಿ. ನಾಲ್ಕು ಭಾಷೆಯ ಒಂದು ಸಾಲು ಬೆಳೆಯುತ್ತದೆ, ಯಾರ ಮನೆಯೂ ಹೊರಗುಳಿಯುವುದಿಲ್ಲ.

ಪಠ್ಯ ಯಾವಾಗ ಮುಗಿಸೂದ್ರಿ?

ಎಲ್ಲ ಶಿಕ್ಷಕರೂ ಕೇಳುವ, ಕೇಳಲೇಬೇಕಾದ ಪ್ರಶ್ನೆ. ಪಠ್ಯಪುಸ್ತಕ ಬದಿಗಿಡಿ ಎಂದು ಈ ವಿಧಾನ ಹೇಳುವುದಿಲ್ಲ. ತಿಂಗಳಿಗೆ ಒಂದು ವಾರ ಮಾತ್ರ ವಿಷಯದ ವಾರ ಮಾಡಿ, ಉಳಿದ ಮೂರು ವಾರ ಪಠ್ಯ. ಮುಂದಿನ ಪಾಠದಲ್ಲಿ ಯಾವ ವಾಕ್ಯದ ಅಚ್ಚು ಬರುತ್ತದೆ ಎಂದು ಮೊದಲೇ ನೋಡಿ, ಅದೇ ಅಚ್ಚನ್ನು ವಿಷಯದ ವಾರದಲ್ಲಿ ಪಳಗಿಸಿ. ಪಾಠದಲ್ಲಿ ಪ್ರಾಣಿಗಳಿದ್ದರೆ ಅದಕ್ಕೆ ಮೊದಲು ಮುಧೋಳ ನಾಯಿ ಬರಲಿ, ಅಂಗಡಿಯಿದ್ದರೆ ಮೊದಲು ವಾರದ ಸಂತೆ. ಅಚ್ಚು ಪರಿಚಯವಾಗಿದ್ದರೆ ಪಾಠ ಬೇಗ ಸಾಗುತ್ತದೆ, ಕೊಟ್ಟ ಸಮಯದಲ್ಲಿ ಒಂದಷ್ಟು ವಾಪಸು ಬರುತ್ತದೆ.

ಮೌಲ್ಯಮಾಪನಕ್ಕೂ ಬೇರೆ ಪರೀಕ್ಷೆ ಬೇಡ. ದಿನಕ್ಕೆ ಐದು ಮಕ್ಕಳನ್ನು ಗಮನಿಸಿ ಮೂರು ಪ್ರಶ್ನೆಗೆ ಗುರುತು ಹಾಕಿ: ಕೇಳಿ ತೋರಿಸಿದಳೇ? ಕೇಳಿದ್ದಕ್ಕೆ ಹೇಳಿದಳೇ? ತಾನಾಗಿ ಕೇಳಿದಳೇ? ಈ ಟಿಪ್ಪಣಿ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ದಾಖಲೆಗೂ ಒದಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಪದಪಟ್ಟಿಯನ್ನೇ ವಿಷಯ ಎಂದುಕೊಳ್ಳುವುದು. 'ತರಕಾರಿಗಳು' ಎಂದು ಇಪ್ಪತ್ತೈದು ಹೆಸರು ಬರೆಸಿದರೆ ಅದು ಹೊಸ ಅಂಗಿ ತೊಟ್ಟ ಹಳೇ ಬಾಯಿಪಾಠವಾಗುತ್ತದೆ. ಐದೇ ತರಕಾರಿ ಇಟ್ಟು ಕೊಳ್ಳುವ-ಮಾರುವ ಮಾತು ಕಟ್ಟಿದರೆ ವಿಷಯವಾಗುತ್ತದೆ.

2. ಪ್ರತಿ ತಪ್ಪನ್ನೂ ತಡೆದು ತಿದ್ದುವುದು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ಮಗು 'ಲೂಮು', 'ಬುಕ್ಕು' ಎನ್ನುತ್ತದೆ. ಶಾಲೆಯನ್ನು 'ಸಾಲಿ' ಎನ್ನುವ ನಾಲಿಗೆ ಶಟಲ್‌ನ್ನು 'ಸಟಲ್' ಎಂದರೆ ಆಶ್ಚರ್ಯವಿಲ್ಲ. ನಗಬೇಡಿ, ನಿಲ್ಲಿಸಬೇಡಿ. 'ಯೆಸ್, ಎ ಶಟಲ್' ಎಂದು ನಿಮ್ಮ ಮಾತಿನಲ್ಲಿ ಸರಿಯಾದ ರೂಪ ಕೇಳಿಸಿ ಮುಂದೆ ಹೋಗಿ. ಹತ್ತನೇ ಸಲಕ್ಕೆ ಕಿವಿ ತಾನೇ ತಿದ್ದಿಕೊಳ್ಳುತ್ತದೆ.

3. ಕನ್ನಡ ಬಾಯಿಗೆ ಬರಬಾರದು ಎಂಬ ಕಟ್ಟುನಿಟ್ಟು. ಆಟದ ನಿಯಮವನ್ನು ಇಂಗ್ಲಿಷ್‌ನಲ್ಲೇ ವಿವರಿಸಲು ಹೋಗಿ ಅರ್ಧ ಅವಧಿ ಕಳೆಯಬೇಡಿ. ನಿಯಮ ಕನ್ನಡದಲ್ಲಿ ಹೇಳಿ, ಆಟ ಇಂಗ್ಲಿಷ್‌ನಲ್ಲಿ ಆಡಿಸಿ. ಆದರೆ ಪ್ರತಿ ಇಂಗ್ಲಿಷ್ ವಾಕ್ಯಕ್ಕೂ ಬೆನ್ನಲ್ಲೇ ಕನ್ನಡ ಅನುವಾದ ಹೇಳುವುದೂ ಬೇಡ. ಅನುವಾದ ಬರುತ್ತದೆ ಎಂದು ಗೊತ್ತಾದರೆ ಮಕ್ಕಳು ಇಂಗ್ಲಿಷ್ ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ.

4. ವಾರ ಮುಗಿದ ಮೇಲೆ ಮರೆತುಬಿಡುವುದು. ಕಬ್ಬಿನ ವಾರದಲ್ಲಿ ಮಗ್ಗದ ವಾರದ ಬಣ್ಣಗಳು ಮರಳಿ ಬರಲಿ. 'ದ ಕೇನ್ ಈಸ್ ಗ್ರೀನ್. ದ ಜ್ಯಾಗರಿ ಈಸ್ ಬ್ರೌನ್.'

5. ಮೊಬೈಲ್ ಹಚ್ಚಿ ಕೂರುವುದು. ವಿಡಿಯೊ ಐದು ನಿಮಿಷ ಚೆನ್ನ. ಅದು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ, ನೀವು ಕಾಯಬಲ್ಲಿರಿ.

ಎಚ್ಚರಿಕೆಗಳು

ಮನೆಯನ್ನು ತರಗತಿಗೆ ತರುವಾಗ ಮನೆಯ ನೋವೂ ಹಿಂದೆಯೇ ಬರುತ್ತದೆ ಎಂಬುದು ನೆನಪಿರಲಿ. ಬನಹಟ್ಟಿಯಲ್ಲಿ ಎಲ್ಲರದೂ ಸ್ವಂತ ಮಗ್ಗವಲ್ಲ, ಕೂಲಿಗೆ ನೇಯುವವರೂ ಇದ್ದಾರೆ. ಕೆಲವು ಮಕ್ಕಳಿಗೆ ಅಪ್ಪ ಇಲ್ಲ, ಕೆಲವರ ಅವ್ವ-ಅಪ್ಪ ದುಡಿಯಲು ದೂರ ಹೋಗಿದ್ದಾರೆ. ಆದ್ದರಿಂದ 'ನಿಮ್ಮಪ್ಪ ಏನ್ ಮಾಡತಾನ?' ಎಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಬೇಡಿ. 'ವೀವರ್ ಏನು ಮಾಡುತ್ತಾನೆ?' ಎಂದು ಕೇಳಿದರೆ ಪಾಠ ನಡೆಯುತ್ತದೆ, ಯಾರ ಮುಖವೂ ಬಾಡುವುದಿಲ್ಲ. ಜಾತಿಗೂ ಕಸುಬಿಗೂ ಗಂಟು ಹಾಕುವ ಮಾತು ಎಲ್ಲೂ ನುಸುಳದಿರಲಿ. ಮುಳುಗಡೆ, ನೆರೆಯ ವಿಷಯ ಎತ್ತುವಾಗ ಹೇಳಲೊಲ್ಲದ ಮಗುವನ್ನು ಒತ್ತಾಯಿಸಬೇಡಿ. 2019ರ ನೆರೆಯಲ್ಲಿ ಘಟಪ್ರಭಾ, ಕೃಷ್ಣಾ ತೀರದ ಎಷ್ಟೋ ಮನೆಗಳು ಬಿದ್ದಿವೆ.

ಓಡುವ ಪಾವರ್‌ಲೂಮಿನ ಬೆಲ್ಟಿನ ಹತ್ತಿರಕ್ಕಾಗಲಿ, ಕುದಿಯುವ ಬೆಲ್ಲದ ಕೊಪ್ಪರಿಗೆಯ ಹತ್ತಿರಕ್ಕಾಗಲಿ, ಹಿನ್ನೀರಿನ ದಂಡೆಗಾಗಲಿ ಮಕ್ಕಳ ಹಿಂಡು ಒಯ್ಯಬೇಡಿ. ವಸ್ತು ತರಗತಿಗೆ ಬರಲಿ, ಇಲ್ಲವೇ ನೇಕಾರರೊಬ್ಬರನ್ನು ಅರ್ಧ ಗಂಟೆ ಕರೆಸಿ. ಅವರು ಕನ್ನಡದಲ್ಲೇ ಹೇಳಲಿ, ಇಂಗ್ಲಿಷ್ ಆಮೇಲೆ.

ಪಾಲಕರಿಗೆ ಎರಡು ಮಾತು

ನಿಮಗೆ ಇಂಗ್ಲಿಷ್ ಬಾರದಿದ್ದರೂ ನೀವು ಮಾಡಬಹುದಾದ ಕೆಲಸವಿದೆ. ಸಂಜೆ ಮಗುವನ್ನು ಕೇಳಿ: 'ಇವತ್ತ ಸಾಲ್ಯಾಗ ಯಾವ ಸಾಮಾನಿಂದು ಇಂಗ್ಲಿಷ್ ಹೆಸರು ಕಲ್ತಿ? ನನಗೂ ಹೇಳಿಕೊಡು.' ಮಗು ಮಾಸ್ತರನಾಗಲಿ, ನೀವು ವಿದ್ಯಾರ್ಥಿಯಾಗಿ. ಅದರ ಜೊತೆಗೆ ಮಗ್ಗದ, ಹೊಲದ, ಅಡುಗೆಯ ಮಾತನ್ನು ತುಂಬು ಕನ್ನಡದಲ್ಲಿ ಆಡುತ್ತಿರಿ. ಹಾಸು, ಹೊಕ್ಕು, ರವದಿ, ಕೊಪ್ಪರಿಗೆ ಎಂದು ಬಲ್ಲ ಮಗುವಿಗೆ ಇಂಗ್ಲಿಷ್ ಪದ ಕೂರಲು ಮನೆಯೊಳಗೆ ಜಾಗವಿರುತ್ತದೆ.

ಬರುವ ಸೋಮವಾರ

ಇಷ್ಟೆಲ್ಲವನ್ನೂ ಒಮ್ಮೆಲೆ ಮಾಡಬೇಕಿಲ್ಲ. ಒಂದು ಚೀಲ, ಮೂರು ವಸ್ತು, ಒಂದು ಅಚ್ಚು ಸಾಕು. ಒಂದೇ ಒಂದು ಮಾತಿಗೆ ಸಿದ್ಧರಾಗಿರಿ. ವಾರದ ನಡುವೆ ಎಲ್ಲಿಯೋ ಒಂದು ದಿನ ಆ ತಲೆ ತಗ್ಗಿಸಿದ ಹುಡುಗಿ ಕೈ ಎತ್ತಿ ಕೇಳಬಹುದು: 'ಅಕ್ಕೋರ, ಲಾಳಿಗೆ ಶಟಲ್ ಅಂತಾರ, ಖರೆ. ಲಾಳಿ ಒಳಗಿನ ಕಂಡಿಕಿಗೆ ಏನಂತಾರ್ರೀ?'

ನಿಮಗೆ ಗೊತ್ತಿಲ್ಲದಿರಬಹುದು. 'ಐ ಡೋಂಟ್ ನೋ. ಲೆಟ್ ಅಸ್ ಫೈಂಡ್ ಔಟ್' ಎಂದು ನಕ್ಕು ಹೇಳಿ, ಅವಳೊಂದಿಗೇ ನಿಘಂಟು ತೆರೆಯಿರಿ. ಅದಕ್ಕೆ ಪರ್ನ್ ಎನ್ನುತ್ತಾರೆ. ಆಮೇಲೆ ನಿಮ್ಮ ದಾಖಲೆಯ ಮೂರನೇ ಪ್ರಶ್ನೆಯ ಮುಂದೆ ಅವಳ ಹೆಸರಿಗೆ ಗುರುತು ಹಾಕಿ: ತಾನಾಗಿ ಕೇಳಿದಳು.